ವಿದ್ವಾಂಸರು ನಿರ್ಮಾಪಕರಾದರೆ ಕೈ ಹೋಗುತ್ತಾ? ತಂಗಿಗಾಗಿ ಕೇಳ್ತಿದ್ದೀನಿ

ಮನೆಯಲ್ಲೊಂದು ವೀಣೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನನ್ನ ತಂಗಿಗೆ ಈಗ 27. ಏಳನೇ ವಯಸ್ಸಿಗೆ ವೀಣೆ ಹಿಡಿದಳು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಎಲ್ಲ ಮುಗಿಸಿದ್ದಾಳೆ. ವರ್ಷಕ್ಕೆ ಆರೇಳು ಕಛೇರಿ ಸಿಗುತ್ತೆ. ಅದರಲ್ಲಿ ಅರ್ಧದಷ್ಟಕ್ಕೆ ಹೋಗಿಬರುವ ಖರ್ಚೂ ಹುಟ್ಟುವುದಿಲ್ಲ. ಈಗ ಅವಳಿಗೆ ಒಂದು ಕೆಲಸ ಬಂದಿದೆ. ಶಾಸ್ತ್ರೀಯ ಸಂಗೀತದ ಕಾರ್ಯಕ್ರಮಗಳನ್ನು ರೂಪಿಸಿ ಧ್ವನಿಮುದ್ರಣ ಮಾಡಿಸಬೇಕು. ಜೊತೆಗೆ ವಾರಕ್ಕೆ ಎರಡು ದಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಡಬೇಕು. ಸಂಬಳ ಚೆನ್ನಾಗಿದೆ.

ಅವಳ ಗುರುಗಳು ಒಪ್ಪುತ್ತಿಲ್ಲ. "ಬೇರೆಯವರ ಸಂಗೀತ ರೆಕಾರ್ಡ್ ಮಾಡಿಸ್ತಾ ಕೂತರೆ ನಿನ್ನ ಕೈ ಹೋಗುತ್ತೆ" ಅಂದರಂತೆ. ಅವತ್ತಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ಅಮ್ಮ ಮಾತ್ರ ಒಂದೇ ಮಾತು ಹೇಳಿದರು: "ವೀಣೆ ದೊರೆಸ್ವಾಮಿ ಅಯ್ಯಂಗಾರರು ಆಕಾಶವಾಣಿಯಲ್ಲಿ ಕೆಲಸ ಮಾಡಲಿಲ್ವಾ?"

ನನಗೆ ಸಂಗೀತ ಬರುವುದಿಲ್ಲ. ನುಡಿಸುವವರು ನಿರ್ಮಾಪಕರಾದಾಗ, ಮೇಷ್ಟ್ರಾದಾಗ ನಿಜವಾಗಿ ಏನಾಯಿತು? ಗೊತ್ತಿರುವವರು ಹೇಳಿ.

ಕಛೇರಿ ಕಟ್ಟೆ
ಗುರುಗಳ ಮಾತು ನೂರಕ್ಕೆ ನೂರು ಸರಿ. ವೀಣೆಗೆ ದಿನಕ್ಕೆ ನಾಲ್ಕು ಗಂಟೆ ಬೇಕು. ಆಫೀಸು ಅದನ್ನು ಬಿಡುವುದಿಲ್ಲ.

ರೇಡಿಯೋ ಕಿವಿ
ಕಟ್ಟೆಯವರೇ, ಅಷ್ಟು ಬೇಗ ತೀರ್ಪು ಕೊಡಬೇಡಿ. ಅಮ್ಮನ ಪ್ರಶ್ನೆಗೆ ಉತ್ತರ ಹೇಳ್ತೀನಿ.

ದೊರೆಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1920ರಲ್ಲಿ. ತಂದೆ ವೆಂಕಟೇಶ ಅಯ್ಯಂಗಾರರೂ ವೈಣಿಕರು. ಗುರು ವೀಣೆ ವೆಂಕಟಗಿರಿಯಪ್ಪನವರು. ಚಿಕ್ಕ ವಯಸ್ಸಿಗೇ ಮೈಸೂರು ಅರಮನೆಯ ವಿದ್ವಾಂಸರಾದರು. ಜೊತೆಗೆ ಮಹಾರಾಜಾ ಕಾಲೇಜಿನಲ್ಲಿ ಓದಿ ಪದವಿಯನ್ನೂ ಪಡೆದರು. ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಶುರುವಾದ 1955ರಲ್ಲೇ ಸಂಗೀತ ನಿರ್ಮಾಪಕರಾಗಿ ಸೇರಿದರು. ಆಗ ಅವರಿಗೆ 35. ಕಛೇರಿ ಕಲಾವಿದನ ಕೈ ಕಳೆಗಟ್ಟುವ ವಯಸ್ಸು.

ಕೈ ಹೋಯಿತಾ? 1983ರಲ್ಲಿ ಪದ್ಮಭೂಷಣ. 1984ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ. ಅದು ಸುಮ್ನೆ ಕೊಡುವ ಬಿರುದಲ್ಲ. ಅಲ್ಲಿ ಕೂತು ಕೇಳುವವರ ಕಿವಿ ಎಂಥದ್ದು ಅಂತ ಎಲ್ಲರಿಗೂ ಗೊತ್ತು. 1997ರಲ್ಲಿ ತೀರಿಕೊಳ್ಳುವವರೆಗೂ ವೀಣೆಯ ಮೈಸೂರು ಬಾನಿ (ನುಡಿಸುವ ಶೈಲಿ) ಅಂದರೆ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಅವರದ್ದೇ.

ಹಾಸನದ ಹುಡುಗ
ಅವರು ನಮ್ಮ ಹಾಸನ ಜಿಲ್ಲೆಯವರು! ಮೈಸೂರಿನವರು ಅಂತ ಎಲ್ಲರೂ ಹೇಳ್ತಾರೆ, ಹುಟ್ಟಿದ್ದು ನಮ್ಮಲ್ಲಿ.

ಇನ್ನೊಬ್ಬರನ್ನೂ ಸೇರಿಸ್ತೀನಿ. ಗಾಯಕ ಆರ್.ಕೆ. ಶ್ರೀಕಂಠನ್. ಅವರದ್ದೂ 1920, ಜನವರಿ 14. ಅವರೂ ಹಾಸನ ಜಿಲ್ಲೆ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿ ದಂಡೆ. ಒಂದೇ ವರ್ಷ, ಒಂದೇ ಜಿಲ್ಲೆ, ಇಬ್ಬರೂ ಬೆಳೆದದ್ದು ಮೈಸೂರಿನಲ್ಲಿ, ಇಬ್ಬರೂ ಆಕಾಶವಾಣಿಗೆ ಬಂದವರು, ಇಬ್ಬರೂ ಸಂಗೀತ ಕಲಾನಿಧಿಗಳು! ಶ್ರೀಕಂಠನ್ ಅವರು ಮೂವತ್ತು ವರ್ಷಕ್ಕೂ ಜಾಸ್ತಿ ರೇಡಿಯೋದಲ್ಲಿ ಕೆಲಸ ಮಾಡಿದರು. ಅವರಿಗೆ ಕಲಾನಿಧಿ ಬಂದದ್ದು 1995ರಲ್ಲಿ, ಪದ್ಮಭೂಷಣ 2011ರಲ್ಲಿ. 90 ದಾಟಿದ ಮೇಲೂ ವೇದಿಕೆ ಮೇಲೆ ಕೂತು ಹಾಡುತ್ತಿದ್ದರು. 2014ರಲ್ಲಿ ಹೋದರು.

ಆಫೀಸು ಗಂಟಲನ್ನು ತಿಂದಿದ್ದರೆ 90ರಲ್ಲಿ ಆ ಶ್ರುತಿ ನಿಲ್ಲುತ್ತಿತ್ತಾ?

ಕಛೇರಿ ಕಟ್ಟೆ
ಇಬ್ಬರು ಮಹಾನುಭಾವರ ಹೆಸರು ಹೇಳಿದ ತಕ್ಷಣ ವಾದ ಮುಗಿಯುವುದಿಲ್ಲ. ಅವರು ರೇಡಿಯೋಗೆ ಹೋಗುವ ಹೊತ್ತಿಗೆ ಕೈ ಪೂರ್ತಿ ಪಳಗಿತ್ತು. ಒಬ್ಬರು ಆಗಲೇ ಅರಮನೆ ವಿದ್ವಾಂಸರು. ಈ ಹುಡುಗಿಗೆ 27. ಇನ್ನೂ ಕಟ್ಟಿಕೊಳ್ಳುವ ಕಾಲ.

ಇನ್ನೊಂದು ಮಾತು. ಅವತ್ತಿನ ಆಕಾಶವಾಣಿಯಲ್ಲಿ ಬೇಕಾದದ್ದೇ ವಿದ್ವಾಂಸರ ವಿದ್ವತ್ತು. ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ರೇಡಿಯೋದಲ್ಲಿ ಸಿನಿಮಾ ಹಾಡು ಕಡಿಮೆ ಮಾಡಿ ಶಾಸ್ತ್ರೀಯಕ್ಕೆ ಜಾಗ ಕೊಟ್ಟರು. 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಯಿತು. ಕಲಾವಿದರನ್ನೂ ಸಾಹಿತಿಗಳನ್ನೂ ಕರೆದು ನಿರ್ಮಾಪಕರ ಕುರ್ಚಿಯಲ್ಲಿ ಕೂರಿಸಿದರು. ಅಂದರೆ ನಿರ್ಮಾಪಕರಾದರೂ ಅವರ ಮೊದಲ ಗುರುತು ವೀಣೆಯೇ. ಈಗಿನ ಕಂಪನಿಗೆ ಬೇಕಾದದ್ದು ಗುರುವಾರ ಸಂಜೆಯೊಳಗೆ ಫೈಲು.

ರೇಡಿಯೋ ಕಿವಿ
ಎರಡನೇ ಮಾತು ಒಪ್ಪಿದೆ. ಮೊದಲನೆಯದು ಅರ್ಧ ಒಪ್ಪಿದೆ.

ಶ್ರುತಿಪೆಟ್ಟಿಗೆ
ಶ್ರೀಕಂಠನ್ ಅವರ ಹೆಸರು ಬಂದದ್ದಕ್ಕೆ ಬರೀತಿದ್ದೀನಿ. ಬೆಂಗಳೂರು ಆಕಾಶವಾಣಿಯಲ್ಲಿ ಅವರು ಸಂಗೀತ ಪಾಠ ಮಾಡುತ್ತಿದ್ದರು. ನಮ್ಮಮ್ಮ ಸಂಗೀತ ಕಲಿತದ್ದೇ ಹಾಗೆ. ತಾತ ಮೇಷ್ಟ್ರ ಮನೆಗೆ ಕಳಿಸಲಿಲ್ಲ. ಪಾಠದ ಹೊತ್ತಿಗೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರಂತೆ. ಒಂದು ಸಾಲು ಅವರು ಹಾಡೋದು, ಎದುರಿಗಿದ್ದ ಶಿಷ್ಯರು ಹೇಳೋದು, ಅವರ ಜೊತೆ ಅಮ್ಮನೂ ಹೇಳೋದು.

ಅಮ್ಮ ಪಾಠ ಬರೆದುಕೊಳ್ಳುತ್ತಿದ್ದ ನೋಟ್‌ಬುಕ್ಕು ಈಗ ನನ್ನ ಹತ್ತಿರ ಇದೆ. ಪೆನ್ಸಿಲ್‌ನಲ್ಲಿ ಬರೆದ ಸ್ವರಗಳು. ಅಲ್ಲಲ್ಲಿ ಒಂದೊಂದು ಸಾಲು ಖಾಲಿ ಬಿಟ್ಟಿದ್ದಾರೆ. ಏನಮ್ಮಾ ಇದು ಅಂತ ಕೇಳಿದ್ದಕ್ಕೆ, "ಹಾಲು ಉಕ್ಕಿತು, ಎದ್ದು ಹೋದೆ, ಆ ಸಾಲು ತಪ್ಪಿಹೋಯಿತು" ಅಂದರು. ಮುಂದಿನ ವಾರ ಅದೇ ಕೃತಿ ಮತ್ತೆ ಬಂದರೆ ತುಂಬಿಕೊಳ್ಳೋಣ ಅಂತ ಜಾಗ ಬಿಟ್ಟಿದ್ದು. ಕೆಲವು ತುಂಬಿವೆ. ಕೆಲವು ಈಗಲೂ ಖಾಲಿ ಇವೆ.

ಸಾಹಿತ್ಯವನ್ನು ಒಡೆಯದೆ, ಒಂದಕ್ಷರ ನುಂಗದೆ ಹಾಡಬೇಕು ಅನ್ನೋದು ಅಮ್ಮನಿಗೆ ಅಲ್ಲಿಂದ ಬಂದದ್ದು. ಅವರು ಯಾವತ್ತೂ ಶ್ರೀಕಂಠನ್ ಅವರನ್ನು ಎದುರಿಗೆ ನೋಡಲಿಲ್ಲ. ಆದರೂ ಗುರುಗಳು ಅಂತಲೇ ಕರೆಯುತ್ತಾರೆ. ವೇದಿಕೆ ಮೇಲೆ ಮಾತ್ರ ಹಾಡಿದ್ದರೆ ಅವರು ನಮ್ಮಮ್ಮನಿಗೆ ಸಿಗುತ್ತಿದ್ದರಾ?

ಮನೆಯಲ್ಲೊಂದು ವೀಣೆ
ಇದನ್ನು ತಂಗಿಗೆ ಓದಿ ಹೇಳಿದೆ. ಖಾಲಿ ಸಾಲಿನ ಮಾತು ಬಂದಾಗ ಫೋನ್ ಕಿತ್ತುಕೊಂಡು ತಾನೇ ಓದಿದಳು.

ಧಾರವಾಡ ಫೇಡೆ
ನೀವೆಲ್ಲ ಮೈಸೂರು ಕಡೆದೇ ಹೇಳಾಕತ್ತೀರಿ. ನಮ್ಮ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರನ್ನ ಮರೀಬ್ಯಾಡ್ರಿ. ಮೊದಲ ಎಚ್‌ಎಂವಿ ಗ್ರಾಮಫೋನ್ ಕಂಪನಿಯೊಳಗ ಕೆಲಸ, ಆಮ್ಯಾಲೆ ಧಾರವಾಡ ಆಕಾಶವಾಣಿಯೊಳಗ ಸಂಗೀತ ಸಲಹೆಗಾರರು. ನಮ್ಮ ಕೇಂದ್ರ ಶುರುವಾಗಿದ್ದು 1950ರಾಗ. ದೇಶಕ್ಕೆಲ್ಲ ಅವರ ಹೆಸರು ಗೊತ್ತಾಗಿದ್ದು ಅರವತ್ತರ ಆಸುಪಾಸಿನಾಗ. 1992ರಾಗ ಪದ್ಮವಿಭೂಷಣ ಬಂತು, ಅದೇ ವರ್ಷ ಹೋದರು. ಅಪ್ಪಟ ಗಾಯಕರಿಗೂ ನೌಕರಿ ಊಟ ಕೊಟ್ಟೈತಿ. ನಾಚಿಕೆ ಪಡೂದು ಏನೈತ್ರಿ ಅದರಾಗ?

ತಂತಿ ತಾನ
ಎಲ್ಲರೂ ಪ್ರಶಸ್ತಿ ಪಟ್ಟಿ ಹೇಳ್ತಿದ್ದೀರಿ. ಗುರುಗಳು ಹೇಳಿದ್ದು ಕೈ ಬಗ್ಗೆ. ಕೈ ಬಗ್ಗೆ ಮಾತಾಡೋಣ. ನಾನು ವೀಣೆ ನುಡಿಸ್ತೀನಿ, ಸ್ಟುಡಿಯೋದಲ್ಲೂ ಕೆಲಸ ಮಾಡಿದ್ದೀನಿ.

ಮೈಸೂರು ಬಾನಿಯಲ್ಲಿ ಎಡಗೈಯ ತೋರುಬೆರಳು, ನಡುಬೆರಳು ಬಿಡಿಬಿಡಿಯಾಗಿ ಕೆಲಸ ಮಾಡ್ತವೆ. ತಂಜಾವೂರು ಕಡೆ ಎರಡನ್ನೂ ಜೋಡಿಸಿ ನುಡಿಸುವುದು ರೂಢಿ. ಬೆರಳು ಬಿಡಿಯಾದ್ದರಿಂದ ನಮ್ಮಲ್ಲಿ ಒಂದೊಂದು ಸ್ವರವೂ ಬಿಡಿಸಿಟ್ಟ ಮುತ್ತಿನ ಹಾಗೆ ಕೇಳುತ್ತೆ. ತಂತಿ ಎಳೆದು ಗಮಕ (ಸ್ವರದ ಬಳುಕು) ತರುವುದು ಕಮ್ಮಿ, ಮೀಟಿನ ಶುದ್ಧಿಗೆ ಬೆಲೆ ಜಾಸ್ತಿ. ಇಂಥ ಕೈ ನಾಲ್ಕು ದಿನ ಬಿಟ್ಟರೂ ಗೊತ್ತಾಗುತ್ತೆ. ಎರಡು ಬೆರಳ ನಡುವಿನ ಅಂತರ ಮೊದಲು ಮಂಕಾಗುತ್ತೆ. ಆಮೇಲೆ ತೋರುಬೆರಳ ತುದಿಯಲ್ಲಿ ತಂತಿ ಒತ್ತಿ ಗಟ್ಟಿಯಾದ ಚರ್ಮ ಮೆತ್ತಗಾಗುತ್ತೆ.

ನಾನು ಸ್ಟುಡಿಯೋ ಸೇರಿದ ಮೂರನೇ ವರ್ಷ ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ವರ್ಣ ನುಡಿಸೋಕೆ ಕೂತೆ. ಚರಣದ ಹತ್ತಿರ ಬೆರಳು ಒಂದಕ್ಕೊಂದು ತಗುಲಿತು. ವೀಣೆ ಕೆಳಗಿಟ್ಟು ಅತ್ತುಬಿಟ್ಟೆ. ಹಾಗಾಗಿ ಗುರುಗಳ ಭಯ ಸುಳ್ಳಲ್ಲ.

ಆದರೆ ಅದೇ ಮೂರು ವರ್ಷದಲ್ಲಿ ಇನ್ನೊಂದು ಆಯಿತು. ಮೈಕು ವೀಣೆಯ ಹತ್ತಿರ ಇಟ್ಟಾಗ ಉಗುರು ತಂತಿಗೆ ತಾಗುವ ಸದ್ದು, ಎಡಗೈ ಜಾರುವ ಸದ್ದು ಎಲ್ಲ ಕೇಳುತ್ತೆ. ದಿನಾ ಬೇರೆಯವರ ಕೈಯನ್ನು ಹೆಡ್‌ಫೋನ್ ಹಾಕಿಕೊಂಡು ಅಷ್ಟು ಹತ್ತಿರದಿಂದ ಕೇಳಿದ ಮೇಲೆ ನನ್ನ ಮೀಟಿನ ಕೊಳೆ ನನಗೇ ಕೇಳತೊಡಗಿತು. ಹದಿನೈದು ವರ್ಷ ಪಾಠದಲ್ಲಿ ಕೇಳದೆ ಇದ್ದದ್ದು. ಬೆಳಿಗ್ಗೆ ಐದರಿಂದ ಆರೂವರೆ, ಬರೀ ಮೊದಲ ಪಾಠಗಳು: ಸರಳೆ, ಜಂಟಿ, ಅಲಂಕಾರ. ಎಂಟು ತಿಂಗಳಲ್ಲಿ ಕೈ ವಾಪಸ್ ಬಂತು. ಕಿವಿ ಮಾತ್ರ ಹೊಸದು.

ಕಛೇರಿ ಕಟ್ಟೆ
ತಂತಿ ತಾನ ಅವರೇ, ಇದನ್ನು ಮೊದಲೇ ಹೇಳಬಾರದಿತ್ತಾ. ನನಗೆ ಬೇಕಾಗಿದ್ದ ಉತ್ತರ ಇದು. ಬಿಡಲಾಗದ ಒಂದೂವರೆ ಗಂಟೆ.

ಹಳೇ ಸ್ಪೂಲು
ನಾನು ಬಾನುಲಿಯ ತಾಂತ್ರಿಕ ಕಡೆ ಇದ್ದವನು, ಈಗ ನಿವೃತ್ತ. ನಿರ್ಮಾಪಕ ಅಂದರೆ ದುಡ್ಡು ಹಾಕುವವರು ಅಂತ ಸಿನಿಮಾದಿಂದ ಬಂದ ತಪ್ಪು ತಿಳಿವಳಿಕೆ ಇದೆ. ರೇಡಿಯೋದಲ್ಲಿ ಹಾಗಲ್ಲ. ಯಾರು ಹಾಡಬೇಕು, ಯಾವ ಹೊತ್ತಿಗೆ ಯಾವ ರಾಗ, ಪಕ್ಕವಾದ್ಯಕ್ಕೆ ಯಾರು, ಹೊಸ ಕವಿತೆಗೆ ರಾಗ ಯಾವುದು, ಎಲ್ಲ ಅವರ ತಲೆನೋವು. ಟೇಪು ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದ ಕಾಲ. ಪಲ್ಲವಿಯ ಯಾವ ಆವರ್ತ (ತಾಳದ ಸುತ್ತು) ತೆಗೆದರೆ ತಾಳ ಕೆಡುವುದಿಲ್ಲ ಅಂತ ಹೇಳುವುದಕ್ಕೆ ಸಂಗೀತ ಗೊತ್ತಿರುವವರೇ ಪಕ್ಕದಲ್ಲಿ ನಿಲ್ಲಬೇಕು. ನಮ್ಮ ಕೈಯಲ್ಲಿ ಬ್ಲೇಡು, ಅವರ ಕೈಯಲ್ಲಿ ತಾಳ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಮನೆಯಲ್ಲಿ ತಾಳ ಹಾಕ್ತಾ ಕೂತವರಿಂದ ಕಾಗದ ಬರುತ್ತಿತ್ತು.

ದೊರೆಸ್ವಾಮಿ ಅಯ್ಯಂಗಾರರಿಗೆ ಕನ್ನಡದ ಮಾತಿಗೆ ರಾಗ ಹುಡುಕುವ ಕಲೆಯೂ ಇತ್ತು. 1966ರ ಸುಬ್ಬಾಶಾಸ್ತ್ರಿ ಚಿತ್ರಕ್ಕೆ ಸಂಗೀತ ಕೊಟ್ಟಿದ್ದು ಅವರೇ. ಅದರಲ್ಲಿ ಕವಿ ಪು.ತಿ.ನ. ಅವರ ಹಾಡಿಗೆ ಹಾಕಿದ ರಾಗ ಕೇಳಿ. ವೈಣಿಕರ ಕೈ ಅಂತ ತಕ್ಷಣ ಗೊತ್ತಾಗುತ್ತೆ.

ಹಾಸನದ ಹುಡುಗ
ಆ ಹಾಡಾ! ನಮ್ಮಜ್ಜಿ ತೊಟ್ಟಿಲು ತೂಗ್ತಾ ಹಾಡ್ತಿದ್ದರು. ಅದಕ್ಕೆ ರಾಗ ಹಾಕಿದ್ದು ಇವರು ಅಂತ ಇವತ್ತು ಗೊತ್ತಾಯ್ತು.

ಮಳೆಗಾಲ
ರೇಡಿಯೋ ಮಾತು ಬಂದಾಗ ಒಂದು ಕೇಳಬೇಕು. ಬೆಳಿಗ್ಗೆ ಬಾನುಲಿ ಶುರುವಾಗುವಾಗ ಬರುವ ಆ ಪಿಟೀಲಿನ ರಾಗ ಯಾರದ್ದು? ಅದನ್ನು ಕೇಳಿದರೆ ಈಗಲೂ ಬಿಸಿನೀರು ಒಲೆಯ ಹೊಗೆಯ ವಾಸನೆ ಬರುತ್ತೆ.

ರೇಡಿಯೋ ಕಿವಿ
ವಾಲ್ಟರ್ ಕಾಫ್‌ಮನ್ ಅಂತ ಹೇಳ್ತಾರೆ. ಶಿವರಂಜನಿಯ ಛಾಯೆ. ಅವರ ಕಥೆಯೂ ಈ ಪ್ರಶ್ನೆಗೇ ಸೇರುತ್ತೆ! ಈಗಿನ ಜೆಕ್ ದೇಶದ ಕಾರ್ಲ್ಸ್‌ಬಾದ್‌ನಲ್ಲಿ 1907ರಲ್ಲಿ ಹುಟ್ಟಿದ ಯಹೂದಿ. ಅವರದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಹಿಟ್ಲರನ ಕಾಲದಲ್ಲಿ 1934ರಲ್ಲಿ ಮುಂಬಯಿಗೆ ಬಂದರು. ಅಲ್ಲಿನ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡಿಕೊಂಡರು. ಯುದ್ಧ ಮುಗಿದ ಮೇಲೆ ಕೆನಡಾಗೆ ಹೋಗಿ ವಿನ್ನಿಪೆಗ್ ಸಿಂಫನಿ ನಡೆಸಿದರು. ಕೊನೆಗೆ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ನಮ್ಮ ರಾಗಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಕಲಾವಿದ, ರೇಡಿಯೋ, ಮೇಷ್ಟ್ರು. ಮೂರೂ ಒಂದೇ ಜೀವನದಲ್ಲಿ.

ಮಳೆಗಾಲ
ದಿನಾ ಬೆಳಿಗ್ಗೆ ನಮ್ಮನ್ನೆಲ್ಲ ಎಬ್ಬಿಸಿದ್ದು ನೆಲೆ ಕಳೆದುಕೊಂಡು ಬಂದ ಒಬ್ಬರ ರಾಗ. ಮೈ ಜುಂ ಅಂತು.

ಎರಡನೇ ಬೆಲ್
ನಾನು ಶಾಲೆಯಲ್ಲಿ ಸಂಗೀತದ ಟೀಚರ್. ಇಷ್ಟು ಹೊತ್ತಾದರೂ ಆ ಕೆಲಸದ ಇನ್ನೊಂದು ಭಾಗ, ಶಾಲೆಯ ಪಾಠ, ಯಾರೂ ಮುಟ್ಟಲಿಲ್ಲ. ಶಾಲೆ ಅಂದರೆ ಎಲ್ಲರೂ ಎರಡನೇ ದರ್ಜೆ ಅಂದುಕೊಳ್ತಾರೆ, ಅದು ನನಗೆ ನೋವು.

ಒಂದು ತರಗತಿಯಲ್ಲಿ 45 ಮಕ್ಕಳು, 35 ನಿಮಿಷ. ಮೊದಲ ವರ್ಷ ಮನೆಯಲ್ಲಿ ಕಲಿತ ಹಾಗೇ ಸರಳೆಯಿಂದ ಶುರು ಮಾಡಿದೆ. ಎರಡು ವಾರಕ್ಕೆ ಹಿಂದಿನ ಬೆಂಚು ನನ್ನ ಕೈಯಲ್ಲಿರಲಿಲ್ಲ. ಆಮೇಲೆ ಒಂದು ದಿನ ವೀಣೆಯನ್ನೇ ಹೊತ್ತುಕೊಂಡು ಹೋದೆ. ಮೇಜಿನ ಮೇಲೆ ಇಟ್ಟು ಹತ್ತಿರ ಕರೆದೆ. ಒಬ್ಬ ಹುಡುಗ ವೀಣೆಯ ದುಂಡನೆಯ ಕುಡಕ್ಕೆ ಕಿವಿ ಒತ್ತಿ ಹಿಡಿದ. ನಾನು ಮಂದ್ರ ಪಂಚಮದ ತಂತಿ ಮೀಟಿದೆ. ಅವನು ಉಸಿರು ಬಿಗಿ ಹಿಡಿದು ನಿಂತ. ನಾದ ಪೂರ್ತಿ ಸಾಯುವವರೆಗೆ ಅಲ್ಲಾಡಲಿಲ್ಲ. "ಮಿಸ್, ಒಳಗಡೆ ಇನ್ನೂ ಇದೆ" ಅಂದ. 45 ಮಕ್ಕಳೂ ಸಾಲಾಗಿ ಬಂದು ಕಿವಿ ಇಟ್ಟರು. ಅವತ್ತು ಪಾಠ ಅಷ್ಟೇ.

ಈಗ ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿದು ಕೇಳಬಹುದು ಅಂತ ನನ್ನ ಕಛೇರಿಯಲ್ಲೂ ಯೋಚಿಸ್ತೀನಿ. ಆಲಾಪನೆಯಲ್ಲಿ ಆತುರ ಕಮ್ಮಿಯಾಗಿದೆ. ಅದನ್ನು ನನಗೆ ಕಲಿಸಿದ್ದು ಆರನೇ ತರಗತಿ ಬಿ ವಿಭಾಗ.

ಕುಂಕುಮ ಡಬ್ಬಿ
ಒಂದು ಕಟು ಮಾತು ಹೇಳಲಾ? ನೀವು ಕೊಟ್ಟ ಉದಾಹರಣೆ ಎಲ್ಲ ಗಂಡಸರದ್ದು. ಬೆಳಿಗ್ಗೆ ಐದಕ್ಕೆ ವೀಣೆ ಹಿಡಿದು ಕೂತರೆ ಆರಕ್ಕೆ ಕಾಫಿ ತಂದುಕೊಡುವವರು ಮನೆಯಲ್ಲಿದ್ದರು. ಈ ಹುಡುಗಿಗೆ ಯಾರು? ಕೆಲಸ, ಶಾಲೆ, ನಾಳೆ ಮದುವೆ, ಮಗು. ಆ ಒಂದೂವರೆ ಗಂಟೆಯನ್ನು ಕಾಯುವವರು ಯಾರು ಅನ್ನುವುದು ಮೊದಲ ಪ್ರಶ್ನೆ.

ತಂತಿ ತಾನ
ನಾನೂ ಹೆಂಗಸೇ. ನಿಮ್ಮ ಮಾತು ಅಕ್ಷರಶಃ ನಿಜ. ನನ್ನ ಒಂದೂವರೆ ಗಂಟೆ ಕಾದದ್ದು ನಮ್ಮತ್ತೆ. ಆ ಹೊತ್ತಿಗೆ ಬಾಗಿಲು ಹಾಕಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು.

ಶ್ರುತಿಪೆಟ್ಟಿಗೆ
ಹೆಂಗಸರ ಉದಾಹರಣೆಯೂ ಇದೆ. ಶ್ರೀಕಂಠನ್ ಅವರ ಶಿಷ್ಯೆ ಟಿ.ಎಸ್. ಸತ್ಯವತಿ ಸಂಸ್ಕೃತ ಪಾಠ ಮಾಡಿಕೊಂಡೇ ಹಾಡಿದವರು, ಶಾಸ್ತ್ರವನ್ನೂ ಬರೆದವರು. ಬೆಂಗಳೂರಿನ ಸುಮಾ ಸುಧೀಂದ್ರ ವೈಣಿಕರು. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತ ವಸ್ತುಸಂಗ್ರಹಾಲಯದ ಕಲಿಕೆಯ ಕೆಲಸದಲ್ಲೂ ತೊಡಗಿಸಿಕೊಂಡವರು. ಅತ್ತ ವೀಣೆ ಗಾಯತ್ರಿ 2013ರಲ್ಲಿ ತಮಿಳುನಾಡಿನ ಸಂಗೀತ ವಿಶ್ವವಿದ್ಯಾಲಯಕ್ಕೇ ಮೊದಲ ಕುಲಪತಿ ಆದರು. ದಾರಿ ಖಾಲಿ ಇಲ್ಲ.

ಕಛೇರಿ ಕಟ್ಟೆ
ಸರಿ. ನನ್ನ ಮಾತು ಸ್ವಲ್ಪ ತಿದ್ದಿಕೊಳ್ತೀನಿ. ಕೆಲಸ ಬೇಡ ಅನ್ನುವುದಿಲ್ಲ. ಆದರೆ ಸಹಿ ಹಾಕುವ ಮುಂಚೆ ಇದನ್ನು ಬಾಯಲ್ಲಿ ಕೇಳದೆ ಕಾಗದದ ಮೇಲೆ ಬರೆಸಿಕೊಳ್ಳಿ. ಡಿಸೆಂಬರ್, ಜನವರಿಯ ಮದ್ರಾಸ್ ಸೀಸನ್‌ಗೆ, ರಾಮನವಮಿ ಕಛೇರಿಗಳಿಗೆ ರಜೆ ಸಿಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಫೋನ್ ಇರಬಾರದು. ಅವಳ ಸ್ವಂತ ವಾದನ ರೆಕಾರ್ಡ್ ಆದರೆ ಹಕ್ಕು ಅವಳದ್ದೇ. ನಮ್ಮ ಮನೆಯ ಹುಡುಗನೊಬ್ಬ ಒಂದು ಕಡೆ ಈ ಕೊನೇ ಮಾತು ನೋಡದೆ ಸಹಿ ಹಾಕಿದ. ಅವನ ನುಡಿಸಾಣಿಕೆ ಅವನ ಹೆಸರಿಲ್ಲದೆ ಎಲ್ಲೆಲ್ಲೋ ಓಡಾಡುತ್ತಿದೆ. ನಾನು ಮೊದಲ ದಿನದಿಂದ ಬೇಡ ಬೇಡ ಅಂದದ್ದು ಅದಕ್ಕೇ.

ಎರಡನೇ ಬೆಲ್
ಗುರುಗಳನ್ನೂ ಬಿಡಬೇಡಿ. ಹಣ್ಣು, ಹೂವು, ವೀಣೆ ತಗೊಂಡು ಹೋಗಿ ಎದುರಿಗೆ ಕೂತು ಮಾತಾಡಲಿ. ಫೋನಿನಲ್ಲಿ ಬೇಡ.

ಧಾರವಾಡ ಫೇಡೆ
ಇದು ಖರೇ ಮಾತು. ಗುರು ಬ್ಯಾಡ ಅಂದಿದ್ದು ಪ್ರೀತಿಗೇರಿ.

ಮನೆಯಲ್ಲೊಂದು ವೀಣೆ
ಎಲ್ಲರಿಗೂ ಕೈ ಮುಗಿದೆ. ಒಂದು ವಾರ ಆಯಿತು, ಸುದ್ದಿ ಹೇಳಬೇಕು.

ತಂಗಿ ಎಲ್ಲ ಓದಿದಳು. ಕೆಲಸದವರ ಹತ್ತಿರ ವಾರಕ್ಕೆ ನಾಲ್ಕೇ ದಿನ ಕೇಳಿದಳು, ಸಂಬಳ ಅಷ್ಟು ಕಡಿಮೆ ಕೊಡಿ ಅಂದಳು. ಒಪ್ಪಿದರು. ಕಟ್ಟೆಯವರು ಹೇಳಿದ ಮೂರು ಮಾತನ್ನೂ ಬರೆಸಿಕೊಂಡಳು. ಕುಂಕುಮ ಡಬ್ಬಿಯವರೇ, ಬೆಳಿಗ್ಗೆ ಐದರಿಂದ ಆರೂವರೆ ಕಾಯುವ ಕೆಲಸ ನನ್ನದು ಅಂತ ಅಮ್ಮನ ಎದುರಿಗೆ ಮಾತು ಕೊಟ್ಟಿದ್ದೀನಿ. ಕಾಫಿ ಮಾಡೋಕೆ ಬರುತ್ತೆ ನನಗೆ.

ಭಾನುವಾರ ಗುರುಗಳ ಮನೆಗೆ ಹೋಗಿದ್ದೆವು. ಅವರು ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. "ನುಡಿಸು" ಅಂದರು. ಮುಕ್ಕಾಲು ಗಂಟೆ ತೋಡಿ ರಾಗ ನುಡಿಸಿದಳು. ಮುಗಿದ ಮೇಲೆ, "ತಿಂಗಳಿಗೊಂದು ಭಾನುವಾರ ಬಂದು ಹೀಗೇ ನುಡಿಸಬೇಕು, ನಾನು ಕೇಳ್ತೀನಿ" ಅಂದರು. ಅವಳು ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡಳು.

ಒಂದು ತೊಂದರೆ ಉಳಿದಿದೆ. ನುಡಿಸುವಾಗ ಮೇಲಿನ ಸ್ಥಾಯಿಯ ಎರಡು ಮನೆಗಳಲ್ಲಿ (ಸ್ವರದ ಮೆಟ್ಟಿಲುಗಳಲ್ಲಿ) ತಂತಿ ಜುಯ್ ಅನ್ನುತ್ತಿತ್ತು. ಮೇಳ ಕಟ್ಟಿಸಬೇಕು ಅಂದರು ಗುರುಗಳು. ಹಾಗಂದರೆ ವೀಣೆ ಎಷ್ಟು ದಿನ ಬಿಟ್ಟು ಬರಬೇಕು?

ತಂತಿ ತಾನ
24 ಮೆಟ್ಟಿಲೂ ಬಿಚ್ಚಿ, ಹಳೇ ಮೇಣ ತೆಗೆದು, ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಹೊಸದಾಗಿ ಕೂರಿಸ್ತಾರೆ. ಒಂದೊಂದು ಮನೆಯನ್ನೂ ಕಿವಿಯಿಂದಲೇ ಶ್ರುತಿಗೆ ತರಬೇಕು, ಆತುರ ಪಡಿಸಬೇಡಿ. ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳ ಎದುರಿಗೇ ಕಟ್ಟಿಸಿ. ವಾಪಸ್ ತರುವಾಗ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ, ಮೇಣ ಕರಗಿ ಮೆಟ್ಟಿಲು ಜಾರುತ್ತೆ. ಶಾಲೆಗೆ ಒಯ್ಯುವುದಕ್ಕೆ ಬೇರೆ ಹಳೇ ವೀಣೆ ಇಟ್ಟುಕೊಳ್ಳಲಿ.

ಎರಡನೇ ಬೆಲ್
ಶಾಲೆಗೆ ವೀಣೆ ಬೇಕಾದರೆ ನನ್ನ ಹತ್ತಿರ ಒಂದಿದೆ. ಕುಡದಲ್ಲಿ ಸಣ್ಣ ಬಿರುಕಿದೆ, ನಾದ ಚೆನ್ನಾಗಿದೆ. ಖಾಸಗಿ ಸಂದೇಶ ಕಳಿಸಿ.